ವಾಡಿ ತನಕ

ಬೆಳಿಗ್ಗಿ ಏಳೂ ಇಪ್ಪತ್ತಕ್ಕ ಯಾದಗಿರಿ ಬಿಡುವ ಗಾಡಿ,
ಹಿಂದಿನಿಂದ ಎರಡನೇ ಡಬ್ಬಿ, ನೆರಳಿನ ಬಾಜು.
ಪಾಸಿನ ಮಂದಿ ನಾವು.
ಪಗಾರ ಎಷ್ಟು ಅಂತ ಯಾರೂ ಯಾರಿಗೂ ಕೇಳಂಗಿಲ್ಲ,
ಕೇಳೋದು ಒಂದೇ: ನಿನ್ನೆ ಎಲ್ಲಿಗಿ ನಿಂತಿತ್ತು?

ಓದಾಕಿ ಜೇಬುನ್ನಿಸಾ. ದವಾಖಾನಿ ನರ್ಸು,
ಪುಸ್ತಕ ತೆರೆಯೋ ಮುಂಚೆ ಬಾಟ್ಲಿ ನೀರಿಲೆ ಕೈ ತೊಳಿತಾಳ,
ಗಾಯದ ಪಟ್ಟಿ ಬಿಚ್ಚಿದಂಗ
ಸಾವಕಾಶ ಹಾಳಿ ತಿರುವತಾಳ.

ಗುಂಡೇರಾವ್, ಕೋರ್ಟಿನ ಟೈಪಿಸ್ಟು,
ಯಾವ ಪುಸ್ತಕ ಕೊಟ್ರೂ ಕಡೀ ಪುಟ ಮೊದಲು ನೋಡತಾರ.
"ತೀರ್ಪು ಗೊತ್ತಿದ್ರ ವಾದ ಕೇಳಾಕ ಆರಾಮ."

ಸುಗಲಾ ಟೀಚರು ಕೆಂಪು ಪೆನ್ನು ಹಿಡಿದೇ ಓದಾಕಿ.
ಒಬ್ಬ ದುಷ್ಟನ ಹೆಸರಿನ ಒತ್ತಕ್ಷರ
ಹನ್ನೊಂದು ಕಡೆ ತಿದ್ದಿ ತಿದ್ದಿ
ಅವನ ಮ್ಯಾಲ ಕರುಳು ಬಂತು ಅಂದಿದ್ದರು ಒಮ್ಮೆ.

ನಂದೊಂದು ಕೆಟ್ಟ ಚಟ. ಮಳಿ ವರ್ಣನಾ ಬಂದ್ರ ಹಾರಿಸಿಬಿಡತೀನಿ.
ಅಷ್ಟು ಮಳಿ ನಮ್ಮ ಕಡೆ ಯಾರು ನಂಬತಾರ?

ನಾಲವಾರದಾಗ ಹತ್ತತಾಳ ಸೌತಿಕಾಯಿ ಚಂದಮ್ಮ.
ಉಪ್ಪು ಖಾರ ಹಚ್ಚಿ ಕೊಡೋ ತನಕ ಕೇಳತಾಳ, ಮುಂದಿನ ಡಬ್ಬಿಗಿ ಹೋಗತಾಳ.
ನೂರು ಪುಸ್ತಕದ ಐದೈದು ನಿಮಿಷ ಅಕಿಗಿ ಬಾಯಿಪಾಠ.
ಯಾವುದು ಚಂದ ಅಂದ್ರ,
"ಆ ಕತ್ತಿ ಕಳಕೊಂಡ ರಾಜಂದು!
ಪಾಪ, ಸಿಕ್ತೇನ್ರಿ ಆಮ್ಯಾಲ? ಎಲ್ಲಿ ಮೇಯಾಕ ಹೋಗಿತ್ತು?"
ಅದು ಖಡ್ಗ ಅಂತ ಇವತ್ತಿಗೂ ಯಾರೂ ಹೇಳಿಲ್ಲ.

ವಾಡಿಗಿ ಇಳಿಯಾಂವ ಒಬ್ಬನೇ, ದೇವಿಂದ್ರಪ್ಪ.
ಸಿಮೆಂಟ್ ಫ್ಯಾಕ್ಟರಿ ಕಾಟಾದ ಮ್ಯಾಲ ಲಾರಿ ತೂಗತಾನ.
ದಿನಾ ಅರ್ಧ ಕಥಿ ಅಂವಗ,
ಉಳಿದರ್ಧ ಶಹಾಬಾದ ದಾಟಿ ಕಲಬುರಗಿ ತನಕ ನಮಗ.
ಮರುದಿನ ನಾವು ಹೇಳಾಕ ಹೋದ್ರ ಕೈ ಅಡ್ಡ ಹಿಡಿದು
"ತಡೀರಿ, ನಿನ್ನೆ ಏನಾತು ನಾ ಹೇಳತೀನಿ."
ಖಾಲಿ ಲಾರಿ ಬರತದ, ತುಂಬಿದ ಲಾರಿ ಹೋಗತದ,
ನಡುವ ಅಂವ ಕಟ್ಟಿದ್ದು.
ಎಷ್ಟೋ ಸಲ ಅಚ್ಚಾದದ್ದಕ್ಕಿಂತ ವಜನ ಜಾಸ್ತಿ.
ಎಷ್ಟೋ ಸಲ ಬರೇ ಸುಳ್ಳು:
ಅಂವನ ಕಥಿಯಾಗ ಎಲ್ಲರೂ ಊಟ ಮಾಡಿಯೇ ಜಗಳಾಡತಾರ.

ಆ ಬ್ಯಾಸಿಗ್ಯಾಗ ಬಂತು ಗ್ರಂಥಾಲಯದ್ದೊಂದು,
ರಟ್ಟಿಲ್ಲ, ಹೆಸರಿಲ್ಲ,
ಬಾವಿ ತೋಡುವ ಇಬ್ಬರು ಅಣ್ಣತಮ್ಮರ ಕಥಿ.
ಮೂರು ವಾರ ಓದಿದಿವಿ.
ಮಾತು ಬಿಟ್ಟ ತಮ್ಮ ನಲವತ್ತು ಮೊಳ ಕೆಳಗ,
ಹಗ್ಗ ಮ್ಯಾಲ ಅಣ್ಣನ ಕೈಯಾಗ,
ಜೇಬುನ್ನಿಸಾ ಹಾಳಿ ತಿರುವಿದ್ಳು.
ದಾರ ಅಷ್ಟೇ.
"ಪೂರಾ ಒಂದು ಫಾರಮ್ಮು" ಅಂದ್ರು ಟೀಚರು, "ಹದಿನಾರು ಪುಟ."

ಎಲ್ಲರೂ ಗುಂಡೇರಾವ್ ಮಾರಿ ನೋಡಿದಿವಿ.
"ಮೊದಲನೇ ದಿನವೇ ಗೊತ್ತಿತ್ತು" ಅಂದ್ರು, ಚಷ್ಮಾ ಒರಸತ.
"ತೀರ್ಪಿಲ್ಲದ ಖಟ್ಲೆ ಅಂದಿದ್ರ ನೀವು ಕೇಳತಿದ್ದಿಲ್ಲ.
ನನಗೂ ಒಂದು ಸಲ
ಗೊತ್ತಿಲ್ಲದೆ ಕೇಳಬೇಕಿತ್ತು."

ವಾಡಿ ಬಂತು. ದೇವಿಂದ್ರಪ್ಪ ಇಳಿದ, ಹೋಗಲಿಲ್ಲ.
ಕಿಟಕಿ ಸರಳು ಹಿಡಿದು,
"ಅಣ್ಣ ಹಗ್ಗ ಬಿಡಂಗಿಲ್ರಿ. ಎಳೆಯಂಗೂ ಇಲ್ಲ.
ಬಗ್ಗಿ ನೋಡತಾನ. ನೀರು ಬಂತೇನೋ, ಅಂತಾನ.
ಏಳು ವರ್ಷದ ಮ್ಯಾಲ ಮೊದಲನೇ ಮಾತು.
ಆಗ ಕೆಳಗಿಂದ ತಮ್ಮ..."

ಗಾಡಿ ಜಗ್ಗಿತು.
ಅಂವ ಬಾಜೂಕ ನಡೆದ, ಓಡಿದ, ಬುತ್ತಿ ಡಬ್ಬಿ ಎದಿಗಿ ಅವಚಿ.
ತುಟಿ ಆಡೋದು ಕಂಡಿತು.
ಎದುರು ಹಳಿ ಮ್ಯಾಲ ಕಲ್ಲಿದ್ದಲ ಗೂಡ್ಸು.

ಕಲಬುರಗಿ ತನಕ ಅವತ್ತು ಯಾರೂ ಮಾತಾಡಲಿಲ್ಲ.
ಸಂಜಿಕ ಜೇಬುನ್ನಿಸಾ ದವಾಖಾನಿ ಸೂಜಿ ದಾರದಿಂದ
ಎಂಟು ಖಾಲಿ ಹಾಳಿ ಹೊಲಿದು ಪುಸ್ತಕ ವಾಪಸ್ ಕೊಟ್ಟಳು.
ತಡವಾಗಿದ್ದಕ್ಕ ದಂಡ ನಾಕು ರೂಪಾಯಿ.
ಹಾಳಿ ಎಣಿಸಲಿಲ್ಲ ಅವರು.

ಮರುದಿನ ನಾವು ಕೇಳಲಿಲ್ಲ,
ದೇವಿಂದ್ರಪ್ಪನೂ ಸುರು ಮಾಡಲಿಲ್ಲ.
ನಾಲವಾರ ಬಂತು. ಬುಟ್ಟಿ ಇಳಿಸಿದ ಚಂದಮ್ಮ
ಎಲ್ಲರ ಮಾರಿ ನೋಡಿ ಕೇಳಿದ್ಳು:
"ನೀರು ಬಂತೇನ್ರಿ?"

ದೇವಿಂದ್ರಪ್ಪ ಒಂದು ಸೌತಿಕಾಯಿ ತಗೊಂಡ.
ಮುರಿದು ಎಲ್ಲರಿಗೂ ಒಂದೊಂದು ತುಂಡು ಕೊಟ್ಟ.
ಉಪ್ಪು ಬ್ಯಾಡ ಅಂದ.