ಷರಾ

ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದ ಮುಚ್ಚಳ ತೆಗೆಯುವುದು ನನ್ನ ಕೆಲಸ.
ನವಿಲೆಯ ಹುಲ್ಲಿನ ನಡುವೆ, ಬೇಲಿಯೊಳಗೆ,
ಬಿಳಿ ಪೆಟ್ಟಿಗೆಯ ಕಾಲಿಗೆ ಹತ್ತಿದ ಗೆದ್ದಲು ಕೊಡವಿ
ಗಾಜಿನ ಅಳತೆಯನ್ನು ಎತ್ತಿ ಹಿಡಿದು
ಕಣ್ಣನ್ನು ನೀರಿನ ಮಟ್ಟಕ್ಕೆ ಇಳಿಸಿ ಓದುವುದು.
ಉಳಿದ ಹೊತ್ತೆಲ್ಲ ಊರಿನವರ ಫೋನು.

"ಮೇಡಂ, ಸುಂಟರಗಾಳಿ! ವಿಡಿಯೋ ಕಳಿಸಿದೀನಿ ನೋಡಿ."
ಹಾಲಿನ ಬೂತಿನ ಲೋಹಿತ. ಭರಣಿ ಮಳೆಯ ಸಂಜೆ.
ಭದ್ರಾವತಿ ಕಡೆಯಿಂದ ಆಕಾಶದಗಲ ಕಪ್ಪು ಅಂಚೊಂದು
ಮೊಣಕೈ ಊರಿಕೊಂಡು ಬರುತ್ತಿತ್ತು.
ನೀರಿನ ಟ್ಯಾಂಕನ್ನು ಗುರುತಿಟ್ಟುಕೊಂಡು ಎರಡು ನಿಮಿಷ ನೋಡು, ಅಂದೆ.
ಸುತ್ತುತ್ತಾ?
ಇಲ್ಲ.
ಮುಖಕ್ಕೆ ತಣ್ಣಗೆ ಬಡೀತಾ?
ಬಡೀತು ಮೇಡಂ, ಅಂಗಡಿ ತಗಡೂ ಬಡ್ಕೋತಿದೆ.
ಹಾಗಾದರೆ ಅದು ಜಗಲಿ.
ಮಳೆಗಿಂತ ಮುಂಚೆ ಓಡಿಬಂದ ತಣ್ಣನೆ ಗಾಳಿ
ಬಿಸಿಗಾಳಿಯನ್ನು ಎತ್ತಿ ಎತ್ತಿ ಕಟ್ಟಿದ ಜಗಲಿ.
ಅದರ ಹಿಂದೆ ಮನೆಯಿದೆ, ಮನೆ ತುಂಬ ಸಿಡಿಲಿದೆ.
ವಿಡಿಯೋ ಸಾಕು, ಷಟರ್ ಎಳಿ.

ಅವನಿಗೆ ನಿರಾಸೆ. ಬರೀ ಜಗಲಿಯಾ?
ಆ ಬರೀ ಜಗಲಿ ಅವತ್ತು ಅವನ ತಗಡನ್ನು
ಪೆಟ್ರೋಲ್ ಬಂಕಿನ ಮೇಲೆ ಕೂರಿಸಿ ಹೋಯಿತು.

ನನಗೆ ಕಲಿಸಿದವರು ಬೂದ್ಯಪ್ಪನವರು.
ಚಂದ್ರನಿಗೆ ಗುಡಿ ಕಟ್ಟಿದೆ ಅಂತ ಯಾರಾದರೂ ಓಡಿಬಂದರೆ
"ಎಷ್ಟು ದೂರದ ಗುಡಿ?" ಎಂದು ತೋಳು ನೀಡುತ್ತಿದ್ದರು.
ಹೆಬ್ಬೆರಳು ಚಂದ್ರನ ಮೇಲೆ, ಕಿರುಬೆರಳು ಬಳೆಯ ಅಂಚಿಗೆ:
ಸರಿಯಾಗಿ ಒಂದು ಗೇಣು. ಅಲ್ಲಿ ಮೇಲೆ ಹಿಮದ ಹರಳಿದೆ.
ಮುಷ್ಟಿಯೊಳಗೇ ಮುಗಿದರೆ ಬರೀ ನೀರಹನಿ, ತೆಳುಮೋಡ,
ಹೋಗಿ ಮಲಗು.
ಸೂರ್ಯನ ಮಗ್ಗುಲ ಬಣ್ಣವನ್ನು ಕಾಮನಬಿಲ್ಲು ಅಂದವಳನ್ನು,
ನನ್ನನ್ನು, ಭುಜ ಹಿಡಿದು ತಿರುಗಿಸಿದ್ದರು:
"ಬಿಲ್ಲು ಬೇಕಂದ್ರೆ ಸೂರ್ಯಂಗೆ ಬೆನ್ನು ಹಾಕಬೇಕಮ್ಮ.
ಎದುರಿಗೆ ಕಂಡಿದ್ದು ಬೇರೆ ಏನೋ."

ಹೋದ ತಿಂಗಳು ಹಳೆಯ ರಿಜಿಸ್ಟರುಗಳನ್ನು ಬಿಸಿಲಿಗೆ ಹಾಕಿದ್ದೆ.
ಎಂಬತ್ತನಾಲ್ಕನೇ ಇಸವಿ, ಮೇ ಹನ್ನೊಂದು. ಮಳೆ: ಸೊನ್ನೆ.
ಷರಾ ಕಾಲಮ್ಮಿನಲ್ಲಿ ಅವರ ಗುಂಡು ಅಕ್ಷರ.
"ರಾತ್ರಿ ೯-೪೦. ಪೂರ್ವಕ್ಕೆ, ಬಲು ದೂರ, ಗುಡುಗುಮೋಡ.
ಅದರ ನೆತ್ತಿಗೂ ಮೇಲೆ, ಖಾಲಿ ಆಕಾಶದಲ್ಲಿ, ಕೆಂಪು ಬೇರಿನಂಥದು.
ರೆಪ್ಪೆ ಬಡಿಯುವಷ್ಟು ಹೊತ್ತು. ಸದ್ದಿಲ್ಲ.
ಏನೆಂದು ತಿಳಿಯಲಿಲ್ಲ."
ಮೇಲೆ ಸಾಹೇಬರ ಕೆಂಪು ಶಾಯಿ, ಉದ್ದಕ್ಕೂ ಒಂದು ಗೀಟು:
ಅಪ್ರಸ್ತುತ. ಇಂಥವನ್ನು ನಮೂದಿಸಕೂಡದು.
ನಲವತ್ತು ವರ್ಷಕ್ಕೆ ಕೆಂಪು ತಿಳಿಯಾಗಿ
ಕೆಳಗಿನ ನೀಲಿ ಚೆನ್ನಾಗಿ ಓದಿಸಿಕೊಳ್ಳುತ್ತಿತ್ತು.

ಹೊಸಮನೆಗೆ ಹೋದೆ. ಒಂದು ಕಣ್ಣಿಗೆ ಪೊರೆ ತೆಗೆಸಿದ್ದಾರೆ,
ಇನ್ನೊಂದು ಬಾಕಿ. ಫೋನಿನಲ್ಲಿ ಚಿತ್ರ ತೋರಿಸಿದೆ:
ಮೋಡದಾಚೆ, ಮೇಲಕ್ಕೆ, ಕೆಂಪಗೆ ಹಬ್ಬಿದ ಮಿಂಚು.
ಈಗ ಇದಕ್ಕೆ ಹೆಸರಿದೆ ಸಾರ್. ಯಂತ್ರಗಳು ಹಿಡಿದಿವೆ.
ನೀವು ಕಂಡದ್ದು ನಿಜ.

ಮೂಗಿನ ಹತ್ತಿರ ಹಿಡಿದರು, ದೂರ ಹಿಡಿದರು.
ಹೆಸರು ಏನು ಅಂತ ಕೇಳಲಿಲ್ಲ.
"ನಂದು ಕೆಳಕ್ಕೆ ಮಾತ್ರ ಕವಲೊಡೆದಿತ್ತು.
ಇದು ಮೇಲೂ ಒಡೆದಿದೆ." ಸ್ವಲ್ಪ ಹೊತ್ತು ಸುಮ್ಮನಿದ್ದರು.
"ಅದೇ ಇದು ಅಂತ ಬರೀಬೇಡ. ಇರಬಹುದು ಅಂತ ಬರಿ."

ಬರೆದೆ, ಪೆನ್ಸಿಲಿನಲ್ಲಿ, ಕೆಂಪು ಗೀಟಿನ ಕೆಳಗೆ.
ಹೊರಡುವಾಗ ಕೇಳಿದರು, ನಿನ್ನೆ ಎಷ್ಟು ಬಿತ್ತು?
ಹನ್ನೆರಡು ಪಾಯಿಂಟ್ ನಾಲ್ಕು.
"ನನ್ನ ಬಕೆಟ್ಟಲ್ಲಿ ಜಾಸ್ತಿ ಇತ್ತಲ್ಲ," ಅಂದರು,
"ನಿನ್ನ ಬೇಲಿ ಪಕ್ಕದ ಸಿಲ್ವರ್ ಮರ ಎತ್ತರ ಆಗಿದೆಯಾ ನೋಡು."