ಕಾರಣದ ಗೆರೆ

ವೆರ್ಣಾದ ಗುಳಿಗೆ ಫ್ಯಾಕ್ಟರಿ.
ಒಂದು ಸೋಮವಾರ ಹೋದರೆ
ನನ್ನ ಸ್ಟೂಲು ಇರಲಿಲ್ಲ.
ನಿಂತರೆ ಕೈ ಚುರುಕಂತೆ.

ಸಂಬಳ ಸಾಲದೆಂದು ಬಿಟ್ಟವಳಲ್ಲ,
ವಾಸ್ಕೋ ಬಸ್ಸಿನ ನೂಕಾಟಕ್ಕೂ ಅಲ್ಲ.
ಆರು ವರ್ಷವಾದರೂ ಸೂಪರ್‌ವೈಸರನಿಗೆ
ನಾನು ‘ಏ, ಮೂರನೇ ಲೈನು’.

ಫಿಲೊಮಿನಾ ಇದ್ದಾಗ ಹೇಗೋ ನಡೆಯಿತು,
ಮಾಸ್ಕಿನ ಮೇಲೆ ಕಣ್ಣಲ್ಲೇ ನಗುತ್ತಿದ್ದಳು.
ಅವಳು ಬಿಟ್ಟ ದಿನವೇ
ನನ್ನ ಅರ್ಧ ರಾಜೀನಾಮೆ ಬರೆದಾಗಿತ್ತು.

ಫಾರ್ಮಿನಲ್ಲಿ ‘ಕಾರಣ’ಕ್ಕೆ ಒಂದೇ ಗೆರೆ.
ಮಂಡಿಯನ್ನು ಬರೆಯಲೇ, ಸ್ಟೂಲನ್ನೇ?
‘ಮನೆಯ ತೊಂದರೆ’ ಎಂದು ಬರೆದೆ,
ಎಲ್ಲರೂ ಬರೆಯುವಂತೆ.

ಗೇಟಿನಲ್ಲಿ ವಾಚ್‌ಮನ್ ಚೀಲ ತಡಕಿದ,
ಬುತ್ತಿ ಡಬ್ಬಿಯನ್ನೂ ಬಿಡಿಸಿ ನೋಡಿದ.
ಆಮೇಲೆ ರಿಜಿಸ್ಟರು ತೆರೆದು,
ಪೆನ್ನು ಕೊಡವಿ, ಕೇಳಿದ:
‘ಪೂರ್ತಿ ಹೆಸರು?’

ಶಾಂತವ್ವ ಹೂಗಾರ.

ಎರಡು ಸಲ ಹೇಳಿದೆ.
ಒಂದೇ ಸಲಕ್ಕೆ ಅವನಿಗೆ ಕೇಳಿಸಿತ್ತು.