ಹನ್ನೆರಡು ಮಾತಿಗೆ ಅರ್ಧ ಪುಟ

ದೇಶದ ವಿವರಕ್ಕೆ ಅರ್ಧ ಪುಟ, ಮಾತಿಗೆ ಅರ್ಧ ಪುಟ.
ಹನ್ನೆರಡೇ ಮಾತು; ಹದಿಮೂರಾದರೆ ನಕ್ಷೆಗೆ ಜಾಗವಿಲ್ಲ,
ಪ್ರಕಾಶಕರ ಕಟ್ಟಪ್ಪಣೆ.
ಕುತಾಯಿಸಿಯ ರೊಟ್ಟಿಯಂಗಡಿಯೊಂದರ ಮೆಟ್ಟಿಲಲ್ಲಿ ಕೂತು
ಜಾರ್ಜಿಯಾವನ್ನು ಮಡಚುತ್ತಿದ್ದೆ,
ಪ್ರವಾಸಿಯ ಅಂಗಿಜೇಬಿಗೆ ಹಿಡಿಸುವಷ್ಟು.

ರಾಜಧಾನಿ ತ್ಬಿಲಿಸಿ: ತ-ಬ ನಡುವೆ ಉಸಿರಾಡುವಂತಿಲ್ಲ.
ಹಣ ಲಾರಿ. ನಗಬೇಡಿ, ಇದು ಕಿಸೆಯಲ್ಲೇ ಓಡಾಡುತ್ತದೆ.
ವಿದ್ಯುತ್ತು ಇನ್ನೂರಿಪ್ಪತ್ತು, ಪ್ಲಗ್ಗಿಗೆ ದುಂಡನೆಯ ಎರಡು ಕಾಲು.
ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ.
ಆಪತ್ತಿಗೆ ಒಂದು, ಒಂದು, ಎರಡು.
ಅಕ್ಷರ ಮೂವತ್ತಮೂರು, ಎಲ್ಲ ದುಂಡು ದುಂಡು,
ದೂರದಿಂದ ನಮ್ಮವೇ ಅನ್ನಿಸುತ್ತವೆ;
ಮದುವೆಮನೆಯಲ್ಲಿ ಗುರುತು ತಪ್ಪಿ ಬೆನ್ನು ತಟ್ಟಿದ ಹಾಗೆ,
ತಿರುಗಿದ ಮುಖ ಬೇರೆ ಯಾರದೋ.
ಜನ ಮೂವತ್ತೇಳು ಲಕ್ಷ, ಹೆಚ್ಚೂಕಡಿಮೆ.

ಒಳಗೆ ನಾನೂಲಿ. ಎಪ್ಪತ್ತರ ಹತ್ತಿರ.
ಬಾವಿಯಂಥ ಒಲೆಯೊಳಗೆ ಸೊಂಟದವರೆಗೆ ಬಗ್ಗಿ
ಹಿಟ್ಟನ್ನು ಗೋಡೆಗೆ ಬಡಿಯುತ್ತಾಳೆ,
ಎದ್ದಾಗ ಹುಬ್ಬೆಲ್ಲ ಬೆಳ್ಳಗೆ.
ನಾನು ಓದುತ್ತೇನೆ, ಅವಳು ತಿದ್ದುತ್ತಾಳೆ,
ಮೊಮ್ಮಗಳು ಲಿಕಾ ನಡುವೆ ನಿಂತು ಇಬ್ಬರನ್ನೂ ಇಂಗ್ಲಿಷಿನಲ್ಲಿ ದಾಟಿಸುತ್ತಾಳೆ.

ಗಾಮರ್ಜೋಬಾ, ಅಂದರೆ ನಮಸ್ಕಾರ. ಒಳಗಿನ ಅರ್ಥ ಗೆಲುವು.
ಮಾದ್ಲೋಬಾ, ಉಪಕಾರವಾಯಿತು.
ಪುರಿ ಎಂದರೆ ರೊಟ್ಟಿ. ಕಡಲೆಪುರಿ ಕೇಳಿದವರಿಗೆ
ಮೊಳದುದ್ದದ ದೋಣಿಯೊಂದು ಬಿಸಿಬಿಸಿ ಸಿಕ್ಕೀತು.
ಮಾಮಾ ಎಂದರೆ ಅಪ್ಪ;
ಟ್ಯಾಕ್ಸಿಯವನನ್ನು ಸಲುಗೆಯಿಂದ ಕರೆಯಬೇಡಿ.
ಕಪ್ಪೆಗೆ ಬಾಕಾಕಿ, ಗಂಟಲಿಗೆ ಮೀನುಮುಳ್ಳು ಸಿಕ್ಕಂತೆ.
ಪ್ರವಾಸಿಗೆ ಕಪ್ಪೆ ಯಾಕೆ? ಹೊಡೆದುಹಾಕಿದೆ.

'ಬೆಲೆ ಎಷ್ಟು, ಎಲ್ಲಿದೆ, ಬಿಲ್ಲು ಕೊಡಿ.
ಎಲ್ಲಾ ಹೊರಟು ನಿಂತವರ ಮಾತು' ಅಂದಳು ನಾನೂಲಿ.
ಕೈಯೊರೆಸಿ, ಉಪ್ಪಿನ ಡಬ್ಬಿಯ ಹಿಂದಿನಿಂದ
ರಟ್ಟು ಕಿತ್ತ ಪುಸ್ತಕವೊಂದನ್ನು ತೆಗೆದಳು.
ಇಟಲಿಗೆ ಬಸ್ಸು ಹತ್ತಿದ ದಿನ ಕೊಂಡದ್ದಂತೆ.
ಅಂಚಿನ ತುಂಬ ಪೆನ್ಸಿಲು,
ಇಟಲಿಯ ಮಾತು ಈ ದುಂಡು ಅಕ್ಷರದಲ್ಲಿ:

ಸಿನ್ಯೋರಾ, ಬಾಯಿ ತೆರೆಯಿರಿ.
ಈ ಕಡೆ ಹೊರಳಿ.
ಇನ್ನೊಂದೇ ತುತ್ತು.
ದೋವೆ ಫಾ ಮಾಲೆ, ಎಲ್ಲಿ ನೋವು?
ಹೋದ ತಿಂಗಳ ಸಂಬಳ ಬಂದಿಲ್ಲ.
ಎಲ್ಲಿ ನೋವು? ಇಲ್ಲಿಯೋ? ಇಲ್ಲಿಯೋ?

ಬಾರಿ ಊರಿನಲ್ಲಿ ಹನ್ನೊಂದು ವರ್ಷ, ಒಂದೇ ಮನೆ, ಒಂದೇ ಮಂಚದ ಪಕ್ಕ.
ಅಸುಂತಾ ಎಂಬ ಆ ಮುದುಕಿ ಹೋದ ರಾತ್ರಿ
ಇವಳು ಪುಟ ತಿರುವಿದಳಂತೆ, ಕೊನೆಯವರೆಗೆ.
ಸಂಖ್ಯೆಗಳಿದ್ದವು, ವಾರದ ದಿನಗಳಿದ್ದವು.
ಆಮೇಲೆ ಪುಸ್ತಕ ಮುಚ್ಚಿ ತನ್ನ ಭಾಷೆಯಲ್ಲೇ ಅಂದಳಂತೆ:
ಗೇನಾತ್ಸ್ವಾಲೇ.

ಸಂತೆಯಲ್ಲಿ ಸೊಪ್ಪಿನವಳೂ ಅನ್ನುತ್ತಾಳೆ ಅದನ್ನು,
ಚಿಲ್ಲರೆ ಕೊಡುತ್ತ, ಮಗುವಿನ ಗಲ್ಲ ಹಿಂಡುತ್ತ.
ಅರ್ಥವೇನೆಂದೆ. ಲಿಕಾ ತಡವರಿಸಿದಳು:
ನಿನ್ನ ಬದಲಿಗೆ ನಾನು. ನಿನಗೆ ಬರುವುದು ನನಗೆ ಬರಲಿ.
ಇದಕ್ಕೆ ನಮ್ಮಲ್ಲಿ ಮಾತಿಲ್ಲ, ಕೈಯಿದೆ:
ನನ್ನ ಸೋದರತ್ತೆ ನನ್ನ ಮುಖ ನೀವಿ
ತನ್ನ ಕಣತಲೆಗೆ ಬೆರಳೊತ್ತಿ
ಹತ್ತೂ ಲಟಿಕೆ ಮುರಿಯುತ್ತಿದ್ದಳಲ್ಲ, ಆ ಸದ್ದು.
ಲಟಲಟ ಅಂತ ಮುರಿದು ತೋರಿಸಿದೆ.
ನಾನೂಲಿ ತಲೆಯಾಡಿಸಿದಳು, ಅದೇ ಅದೇ.

'ಬಿಲ್ಲು ಕೊಡಿ' ಕಿತ್ತು ಅಲ್ಲಿ ಇದನ್ನು ಕೂರಿಸಿದೆ.
ಏಳುವಾಗ ರೊಟ್ಟಿ ತೋರಿಸಿ, ರಾ ಘಿರ್ಸ್, ಎಷ್ಟು, ಅಂದೆ.
'ಘ' ಇನ್ನೂ ಒಳಗಿಂದ ಬರಲಿ ಅಂದಳು;
ಪೂರ್ತಿ ಬೆಲೆ ತಗೊಂಡು, ಚಿಲ್ಲರೆ ಎರಡು ಸಲ ಎಣಿಸಿದಳು.

ಈಗ ಕರಡು ಬಂದಿದೆ.
ತಿದ್ದುವ ಹುಡುಗ ಹನ್ನೆರಡನೆಯ ಮಾತಿಗೆ ಸುತ್ತುಹಾಕಿ
ಅಂಚಲ್ಲಿ ಕೆಂಪು ಶಾಯಿಯಲ್ಲಿ ಕೇಳಿದ್ದಾನೆ:
ಸರ್, ಇದನ್ನು ಎಲ್ಲಿ ಬಳಸಬೇಕು?
ಹೋಟೆಲಿನಲ್ಲೋ, ಬಸ್ ನಿಲ್ದಾಣದಲ್ಲೋ?